ಕಡಿಮೆ ರೇಟಿನ ಪೆರಾಕ್ಸೈಡ್

ರಾಕೆಟ್ ಥ್ರಸ್ಟರಿನ ಇಂಧನಗಳಲ್ಲಿ ಹೈಡ್ರಜೀನ್ ವಿಷ, ಹೈಡ್ರೋಜನ್ ಪೆರಾಕ್ಸೈಡ್ ಒಡೆದರೆ ಬರುವುದು ನೀರಾವಿ ಮತ್ತು ಆಮ್ಲಜನಕ ಮಾತ್ರ. ಇಷ್ಟು ಕೇಳಿದ್ದೇ ತಡ, ನಮ್ಮ ಪರ್ಚೇಸ್ ಆಫೀಸರು ಅದನ್ನು ಫಿನಾಯಿಲಿನ ಸಾಲಿಗೆ ಸೇರಿಸಿಬಿಟ್ಟರು. ಸ್ಟೆಬಿಲೈಜರ್ ಎಷ್ಟಿರಬೇಕೆಂದು ನಾನು ಬರೆದಿದ್ದ ಸಾಲಿಗೆ ಕಾಟು ಹೊಡೆದು, ಟೆಂಡರಿನಲ್ಲಿ ಕಡಿಮೆ ಹಾಕಿದವನಿಂದ ತರಿಸಿದರು. ಆ ಫೈಲಿನ ಜೆರಾಕ್ಸ್ ನನ್ನ ಬಳಿ ಇದೆ.

ಬಟ್ಟೆ, ಕಾಗದ ಬಿಳುಪಿಸುವ ಪೆರಾಕ್ಸೈಡಿಗೆ ಕೆಡದಿರಲೆಂದು ತವರದ ಲವಣ, ಫಾಸ್ಫೇಟ್‌ಗಳನ್ನು ಸ್ಟೆಬಿಲೈಜರ್ ಆಗಿ ಬೆರೆಸಿರುತ್ತಾರೆ. ಥ್ರಸ್ಟರಿನಲ್ಲಿ ಪೆರಾಕ್ಸೈಡನ್ನು ಒಡೆಯುವ ಬೆಳ್ಳಿ ಜಾಲರಿಗೆ ಅವೇ ಮಾರಕ. ಪೂರ್ತಿ ಒಡೆದ ಪೆರಾಕ್ಸೈಡಿನ ಉಗುಳು ಕಣ್ಣಿಗೆ ಕಾಣುವುದೇ ಇಲ್ಲ. ನಮ್ಮದು ಬಿಳಿ ಮೋಡದಂತೆ ಬಂತು. ಬಿಚ್ಚಿ ನೋಡಿದರೆ ಜಾಲರಿಯ ಕಣ್ಣುಗಳಲ್ಲೆಲ್ಲ ಬಿಳಿ ಪುಡಿ.

ಹಾಗಾಗಿ ನಿರ್ವಾತದಲ್ಲಿ ಬಟ್ಟಿ ಇಳಿಸುವ ಕೆಲಸ ನಮ್ಮ ತಲೆಗೆ ಬಿತ್ತು. ಅದು ಕಷ್ಟವಲ್ಲ. ಸ್ಟೆಬಿಲೈಜರ್ ಹೋದ ಮೇಲೆ ಪೆರಾಕ್ಸೈಡಿಗೆ ಕಾವಲಿಲ್ಲ, ಒಡೆಯತೊಡಗಲು ಚೂರು ಕಬ್ಬಿಣದ ಅಂಶ ಸಿಕ್ಕರೂ ಸಾಕು ಎಂಬುದನ್ನು ಸ್ಟೋರಿನವರಿಗೆ ತಿಳಿಸುವುದು ಕಷ್ಟ. 'ಕ್ಲೀನ್ಡ್' ಎಂದು ಚೀಟಿ ಅಂಟಿಸಿ ಕಳಿಸಿದ ಕ್ಯಾನನ್ನು ಅವರು ತೊಳೆದದ್ದು ಬೋರ್‌ವೆಲ್ ನೀರಲ್ಲಿ.

ಅದಕ್ಕೇ ಪೆರಾಕ್ಸೈಡ್ ತುಂಬಿಸಿಟ್ಟು ಊಟ ಮುಗಿಸಿ ಬಂದೆ. ಥರ್ಮಾಮೀಟರು 31 ಡಿಗ್ರಿ ತೋರಿಸುತ್ತಿತ್ತು. ರೂಮು ಅಷ್ಟು ಬಿಸಿಯಿರಲಿಲ್ಲ. ಟಾರ್ಚ್ ಹಿಡಿದೆ: ಕ್ಯಾನಿನ ಒಳಗೋಡೆಯ ಒಂದೇ ಜಾಗದಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. 34. ಹತ್ತು ಡಿಗ್ರಿ ಏರಿದರೆ ಒಡೆಯುವ ವೇಗ ಎರಡು ಪಟ್ಟಿಗೂ ಮಿಗಿಲು, ಒಡೆದಷ್ಟೂ ಶಾಖ. 39 ಆಗುವಷ್ಟರಲ್ಲಿ ವೆಂಟ್ ಮುಚ್ಚಳ ಬುಸ್ಸೆನ್ನತೊಡಗಿತ್ತು. ಎಲ್ಲರನ್ನೂ ಹೊರಗೆ ಅಟ್ಟಿ ಡೀಅಯಾನೈಸ್ಡ್ ನೀರಿನ ಪೈಪನ್ನು ಕ್ಯಾನಿಗೇ ಬಿಟ್ಟೆ. ಗ್ಲೌಸಿನ ತೂತಿನಿಂದ ಹನಿ ಒಳಗಿಳಿದು ಬೆರಳ ತುದಿ ಬೆಳ್ಳಗಾಯಿತು; ರಾತ್ರಿಯವರೆಗೂ ಚುರುಗುಟ್ಟಿತು. ಅಷ್ಟರಲ್ಲಿ ಆಫೀಸರ ಫೋನು: "ಏನ್ರೀ ಮೇಡಂ, ಅಷ್ಟು ದುಡ್ಡಿನ ಮಾಲಿಗೆ ನೀರು ಹೊಯ್ದುಬಿಟ್ರಾ?" ಹೂಂ, ಹೊಯ್ದೆ. ಇವತ್ತಾದರೂ ಹೊಯ್ಯುತ್ತೇನೆ.

ಬ್ರಿಟನ್ನಿನ ಬ್ಲ್ಯಾಕ್ ಆ್ಯರೋ ರಾಕೆಟ್ 1971ರಲ್ಲಿ ಉಪಗ್ರಹ ಹಾರಿಸಿದ್ದು ಇದೇ ಪೆರಾಕ್ಸೈಡ್, ಸೀಮೆಎಣ್ಣೆಯಿಂದ. 2000ದಲ್ಲಿ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿ ಮುಳುಗಿದ್ದೂ ಟಾರ್ಪೆಡೋದ ಪೆರಾಕ್ಸೈಡ್ ಸೋರಿದ್ದರಿಂದ.

ಈ ಕೆಲಸಕ್ಕೆ ಇಳಿಯುವವರು ವೆಂಟಿಲ್ಲದ ಮುಚ್ಚಳ ಮುಟ್ಟಬೇಡಿ. ಪ್ಯಾಸಿವೇಟ್ ಮಾಡದ ಸ್ಟೀಲ್ ಬೇಡ, ಚರ್ಮದ ಬೂಟು ಬೇಡವೇ ಬೇಡ, ಹನಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಕ್ಯಾನನ್ನು ಯಾವ ನೀರಲ್ಲಿ ತೊಳೆದರೆಂದು ಬರೆಸಿ, ಸಹಿ ಹಾಕಿಸಿಕೊಳ್ಳಿ.