ತಂದೆಯ ಬಟ್ಟಲೂ ಮಗನ ಊಟವೂ

ಐವತ್ತು ದಾಟಿದವರ ಆಹಾರದ ವಿಷಯವಾದ ಪಾಠ



ಐವತ್ತು ವರುಷ ದಾಟಿದ ಮೇಲೆ ಹೊಟ್ಟೆ ಮುಂದಕ್ಕೆ ಬರುವದು ಸಹಜವೆಂದೂ, ಅದು ಪ್ರಾಯದ ಗುಣವೇ ಹೊರತು ಊಟದ ದೋಷವಲ್ಲವೆಂದೂ ನಮ್ಮ ಹಳ್ಳಿಗಳಲ್ಲಿ ಅನೇಕರು ಹೇಳುವದುಂಟು. ಕೆಲವರು ಅದನ್ನು ಸುಖದ ಗುರುತೆಂದು ಎಣಿಸಿ ಸಂತೋಷಪಡುತ್ತಾರೆ. ಬೇರೆ ಕೆಲವರು, "ಇನ್ನು ಈ ಪ್ರಾಯದಲ್ಲಿ ಏನು ಮಾಡಿದರೇನು?" ಎಂದು ಕೈಬಿಡುತ್ತಾರೆ. ಈ ಎರಡು ಎಣಿಕೆಗಳೂ ತಪ್ಪೆಂದು ತೋರಿಸುವದೂ, ಇಂಥವರು ತಮ್ಮ ಮನೆಯ ಅಡಿಗೆಯಿಂದಲೇ ಮಾಡಬಹುದಾದ ಕಾರ್ಯವೇನೆಂದು ತಿಳಿಸುವದೂ ಈ ಪಾಠದ ಉದ್ದೇಶವಾಗಿದೆ.

೧. ಒಂದು ದೃಷ್ಟಾಂತ

ಕರಾವಳಿಯ ಒಂದು ಗ್ರಾಮದಲ್ಲಿ ಐವತ್ತೇಳು ವರುಷದ ಒಬ್ಬ ಬೇಸಾಯಗಾರನಿದ್ದಾನೆಂದು ನೆನಸಿರಿ. ಅವನ ತಂದೆಯವರು ಎತ್ತುಗಳ ಹಿಂದೆ ನಡೆದು ಗದ್ದೆಯನ್ನು ಉತ್ತರು, ಏತದಿಂದ ನೀರೆತ್ತಿದರು, ಅಕ್ಕಿಯ ಮುಡಿಯನ್ನು ಹೊತ್ತು ಪೇಟೆಗೆ ನಡೆದರು. ತಾಯಿಯವರು ಭತ್ತವನ್ನು ಒನಕೆಯಿಂದ ಕುಟ್ಟಿ, ಬಾವಿಯ ನೀರನ್ನು ಸೇದಿ, ತೆಂಗಿನಕಾಯಿಯನ್ನು ಕಡೆಯುವ ಕಲ್ಲಿನಲ್ಲಿ ಅರೆದರು. ಆ ಮನೆಯಲ್ಲಿ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಬಟ್ಟಲು ತುಂಬ ಕುಚ್ಚಲಕ್ಕಿಯ ಅನ್ನ, ರಾತ್ರಿಗೆ ತಿರಿಗಿ ಅಷ್ಟೇ ಅನ್ನ. ಆದಾಗ್ಯೂ ಅವರಿಬ್ಬರಲ್ಲಿ ಒಬ್ಬರಿಗೂ ಹೊಟ್ಟೆ ಬೆಳೆಯಲಿಲ್ಲ.

ಮಗನು ಅದೇ ಬಟ್ಟಲಲ್ಲಿ ಅಷ್ಟೇ ಅನ್ನವನ್ನು ಉಣ್ಣುತ್ತಾನೆ. ಆದರೆ ಈಗ ಗದ್ದೆಯನ್ನು ಟಿಲ್ಲರ್ ಉಳುತ್ತದೆ, ನೀರನ್ನು ಪಂಪು ಎತ್ತುತ್ತದೆ, ಭತ್ತವು ಮಿಲ್ಲಿಗೆ ಹೋಗುತ್ತದೆ, ಪೇಟೆಗೆ ಸ್ಕೂಟರು ಒಯ್ಯುತ್ತದೆ, ಅಡಿಗೆಮನೆಯಲ್ಲಿ ಗ್ರೈಂಡರ್ ಅರೆಯುತ್ತದೆ. ಇದಲ್ಲದೆ ತಂದೆಯ ಕಾಲದಲ್ಲಿ ಇಲ್ಲದಿದ್ದ ನಾಲ್ಕು ಹೊತ್ತಿನ ಚಹಾ, ಬಿಸ್ಕೆಟು, ಸಂಜೆಯ ಬಜ್ಜಿ ಇವೂ ಸೇರಿಕೊಂಡಿವೆ. ಒಂದು ದಿನ ಅವನ ಕಾಲಿನ ಹೆಬ್ಬೆರಳಿಗೆ ಗಾಯವಾಯಿತು. ತಿಂಗಳಾದರೂ ಅದು ಮಾಯಲಿಲ್ಲ. ವೈದ್ಯರು ರಕ್ತವನ್ನು ಪರೀಕ್ಷಿಸಿ, ಸಕ್ಕರೆ ಕಾಯಿಲೆ ಎಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಬೆರಳನ್ನೇ ಕಳಕೊಳ್ಳಬೇಕಾಗುತ್ತಿತ್ತೆಂದೂ ಹೇಳಿದರು. ಆಗ ಅವನು, "ನನ್ನ ತಂದೆಯವರೂ ಹೀಗೆಯೇ ಉಂಡರಲ್ಲಾ? ನಾನು ಅವರಿಗಿಂತ ಹೆಚ್ಚೇನು ತಿಂದೆನು?" ಎಂದು ಕೇಳಿದನು.

ಈ ಪ್ರಶ್ನೆಗೆ ಉತ್ತರವೇನೆಂದರೆ: ಅವನು ತಂದೆ ಉಂಡಷ್ಟು ಉಂಡನು, ಆದರೆ ತಂದೆ ದುಡಿದಷ್ಟು ದುಡಿಯಲಿಲ್ಲ. ದುಡಿಮೆ ಮನೆಯನ್ನು ಬಿಟ್ಟುಹೋದ ಸಂಗತಿ ಬಟ್ಟಲಿಗೆ ತಿಳಿಯಲೇ ಇಲ್ಲ.

೨. ಪ್ರಾಯದ ದೋಷವೆಷ್ಟು?

ಶರೀರವು ಒಂದು ದಿನಕ್ಕೆ ಎಷ್ಟು ಶಕ್ತಿಯನ್ನು ವೆಚ್ಚಮಾಡುತ್ತದೆಂಬದನ್ನು ೨೯ ದೇಶಗಳ ೬,೪೦೦ಕ್ಕಿಂತ ಹೆಚ್ಚು ಜನರಲ್ಲಿ ಅಳೆದು, ಶಾಸ್ತ್ರಜ್ಞರು ೨೦೨೧ರಲ್ಲಿ ಪ್ರಕಟಿಸಿದರು. ಅದರಲ್ಲಿ ಎಂಟು ದಿನದ ಶಿಶುವಿನಿಂದ ತೊಂಭತ್ತೈದು ವರುಷದ ವೃದ್ಧರ ವರೆಗೂ ಇದ್ದರು. ಶರೀರದ ಗಾತ್ರವನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ, ಇಪ್ಪತ್ತರಿಂದ ಅರುವತ್ತರ ವರೆಗೆ ಈ ವೆಚ್ಚವು ಹೆಚ್ಚುಕಡಿಮೆ ಒಂದೇ ಸಮನಾಗಿರುವದೆಂದು ಕಂಡುಬಂತು. ಅರುವತ್ತರ ನಂತರವೂ ವರುಷಕ್ಕೆ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಿ ಮಾತ್ರ ತಗ್ಗುತ್ತದೆ. ಆದಕಾರಣ ನಲವತ್ತೈದರಲ್ಲಿಯೂ ಐವತ್ತೈದರಲ್ಲಿಯೂ ಬೆಳೆಯುವ ಹೊಟ್ಟೆಗೆ ಶರೀರದೊಳಗಣ ಒಲೆಯು ಆರಿತೆಂಬದು ಕಾರಣವಲ್ಲ.

ಹಾಗಾದರೆ ಪ್ರಾಯದಿಂದ ಏನೂ ಆಗುವದಿಲ್ಲವೋ? ಆಗುತ್ತದೆ. ಕೆಲಸವಿಲ್ಲದ ಮಾಂಸಖಂಡಗಳು ಮೆಲ್ಲಮೆಲ್ಲನೆ ಕುಗ್ಗುತ್ತವೆ. ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ ಸೊಂಟ ತೊಡೆಗಳಲ್ಲಿದ್ದ ಕೊಬ್ಬು ಹೊಟ್ಟೆಯ ಕಡೆಗೆ ಸೇರುತ್ತದೆ. ಹೊಟ್ಟೆಯ ಒಳಗೆ, ಕರುಳುಗಳ ಸುತ್ತಲೂ ಪಿತ್ತಕೋಶದ ಹತ್ತಿರದ ಯಕೃತ್ತಿನಲ್ಲಿಯೂ ಸೇರುವ ಈ ಕೊಬ್ಬು ಚರ್ಮದ ಕೆಳಗಿನ ಕೊಬ್ಬಿಗಿಂತ ಅಪಾಯಕರವಾದದ್ದು. ರಕ್ತದಲ್ಲಿ ಸಕ್ಕರೆ ಏರುವದಕ್ಕೂ ರಕ್ತದೊತ್ತಡಕ್ಕೂ ಹೃದ್ರೋಗಕ್ಕೂ ಇದು ದಾರಿಮಾಡುತ್ತದೆ. ಭಾರತದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದೂ, ಇನ್ನು ೧೩ ಕೋಟಿ ೬೦ ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ೨೦೨೩ರಲ್ಲಿ ಪ್ರಕಟವಾದ ದೊಡ್ಡ ಪರಿಶೋಧನೆಯೊಂದು ತಿಳಿಸಿತು. ಇದು ಪಟ್ಟಣದವರ ರೋಗ ಮಾತ್ರವೆಂದು ಹಳ್ಳಿಯವರು ನಿಶ್ಚಿಂತರಾಗಿರಬಾರದು.

೩. ನೂಲಿನ ಅಳತೆ

ತನಗೆ ಕೊಬ್ಬು ಹೆಚ್ಚಿದೆಯೋ ಇಲ್ಲವೋ ಎಂದು ತಿಳಿಯುವದಕ್ಕೆ ತಕ್ಕಡಿಯೇ ಬೇಕೆಂದಿಲ್ಲ. ತಲೆಯಿಂದ ಹಿಮ್ಮಡಿಯ ವರೆಗೆ ನಿಮ್ಮ ಎತ್ತರದಷ್ಟು ಉದ್ದವಾದ ನೂಲನ್ನು ಕತ್ತರಿಸಿ, ಅದನ್ನು ಸರಿಯಾಗಿ ಎರಡಾಗಿ ಮಡಚಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲ್ತುದಿಗೂ ನಡುವೆ, ಉಸಿರನ್ನು ಮೆಲ್ಲಗೆ ಬಿಟ್ಟು, ಆ ಮಡಚಿದ ನೂಲನ್ನು ಹೊಟ್ಟೆಯ ಸುತ್ತಲೂ ತನ್ನಿರಿ. ಎರಡು ತುದಿಗಳು ಕೂಡಿದರೆ ಒಳ್ಳೇದು. ಕೂಡದೆ ಹೋದರೆ ಎಚ್ಚರಗೊಳ್ಳತಕ್ಕ ಸಮಯ ಬಂತೆಂದು ತಿಳಿಯಿರಿ. ಅಳತೆಯ ಟೇಪು ಇದ್ದವರಿಗೆ, ಭಾರತೀಯ ಪುರುಷರಲ್ಲಿ ೯೦ ಸೆಂಟಿಮೀಟರು, ಸ್ತ್ರೀಯರಲ್ಲಿ ೮೦ ಸೆಂಟಿಮೀಟರು ಎಂಬದು ಮಿತಿ. ಈ ನೂಲನ್ನು ಬಿಸಾಡದೆ ಇಟ್ಟುಕೊಂಡು ತಿಂಗಳಿಗೊಮ್ಮೆ ಅಳೆದುಕೊಳ್ಳಿರಿ.

೪. ಬಟ್ಟಲಲ್ಲಿ ಯಾವದು ತಗ್ಗಬೇಕು, ಯಾವದು ಹೆಚ್ಚಬೇಕು?

(ಅ) ಅನ್ನ. ನೂರು ಗ್ರಾಮ್ ಅಕ್ಕಿಯಲ್ಲಿ ಸುಮಾರು ೩೫೦ ಕ್ಯಾಲೊರಿ ಶಕ್ತಿ ಉಂಟು. ಕುಚ್ಚಲಕ್ಕಿಯು ಬೆಳ್ತಿಗೆಗಿಂತ ಉತ್ತಮವಾದದ್ದು ನಿಜವೇ. ಯಾಕಂದರೆ ಭತ್ತವನ್ನು ಬೇಯಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವದ ಸ್ವಲ್ಪ ಭಾಗವು ಕಾಳಿನೊಳಗೆ ಇಳಿದು ಉಳಿಯುತ್ತದೆ. ಆದರೆ ಶಕ್ತಿಯ ಲೆಕ್ಕದಲ್ಲಿ ಎರಡೂ ಒಂದೇ. ರಾಗಿಯ ಹಿಟ್ಟಿನಲ್ಲಿಯೂ ಜೋಳದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತದೆ. ಆದದರಿಂದ "ಮುದ್ದೆಯಲ್ಲವೇ, ಎಷ್ಟು ಉಂಡರೂ ಬಾಧೆಯಿಲ್ಲ" ಎಂಬ ಮಾತನ್ನು ನಂಬಬಾರದು. ಅಕ್ಕಿಯನ್ನು ಅಳೆಯುವಾಗಲೇ ಆಳಿಗೆ ಹೊತ್ತಿಗೆ ಐವತ್ತು ಗ್ರಾಮಿನಷ್ಟು, ಅಂದರೆ ಒಂದು ದೊಡ್ಡ ಮುಷ್ಟಿಯಷ್ಟು, ತಗ್ಗಿಸಿದರೆ ಸುಮಾರು ೧೭೫ ಕ್ಯಾಲೊರಿ ತಗ್ಗುತ್ತದೆ. ಬೇಯಿಸಿದ ಮೇಲೆ ಬಿಡುವದಕ್ಕಿಂತ ಅಳೆಯುವಾಗ ತಗ್ಗಿಸುವದು ಸುಲಭ.

(ಆ) ಕಾಳು, ಮೀನು, ಮೊಟ್ಟೆ, ಹಾಲು. ಅನ್ನವು ತಗ್ಗಿದ ಸ್ಥಳವನ್ನು ಬರಿದಾಗಿ ಬಿಟ್ಟರೆ ಹಸಿವೆಯು ನಾಲ್ಕು ದಿನಗಳಲ್ಲಿ ನಮ್ಮನ್ನು ಸೋಲಿಸುವದು. ಆ ಸ್ಥಳಕ್ಕೆ ಮಾಂಸಖಂಡಗಳನ್ನು ಕಾಯುವ ಪ್ರೋಟೀನು ಬರಬೇಕು. ಐವತ್ತು ದಾಟಿದವರಿಗೆ ತೂಕದ ಪ್ರತಿ ಕಿಲೋವಿಗೆ ದಿನಕ್ಕೆ ಸುಮಾರು ಒಂದು ಗ್ರಾಮ್ ಬೇಕು. ನೂರು ಗ್ರಾಮ್ ಹುರುಳಿ ಅಥವಾ ಹೆಸರುಕಾಳಿನಲ್ಲಿ ಇಪ್ಪತ್ತು ಗ್ರಾಮಿಗಿಂತ ಹೆಚ್ಚೂ, ನೂರು ಗ್ರಾಮ್ ಬೂತಾಯಿ ಅಥವಾ ಬಂಗುಡೆ ಮೀನಿನಲ್ಲಿ ಸುಮಾರು ಇಪ್ಪತ್ತು ಗ್ರಾಮೂ, ಒಂದು ಮೊಟ್ಟೆಯಲ್ಲಿ ಆರು ಗ್ರಾಮೂ ಇರುತ್ತದೆ. ಗಂಜಿಗೆ ಉಪ್ಪಿನಕಾಯಿ ಮಾತ್ರ ನಂಜಿಕೊಂಡರೆ ಅದು ಬರೇ ಅಕ್ಕಿಯ ಊಟ. ಅದೇ ಗಂಜಿ ಸ್ವಲ್ಪವಾಗಿದ್ದು ಹೆಸರುಕಾಳಿನ ಪಲ್ಯ ಹೆಚ್ಚಾಗಿದ್ದರೆ ಪೂರ್ಣವಾದ ಊಟವಾಗುತ್ತದೆ. ಮೀನನ್ನು ಹುರಿಯುವದಕ್ಕಿಂತ ಸಾರು ಮಾಡುವದು ಒಳ್ಳೇದು.

(ಇ) ತರಕಾರಿ. ಹರಿವೆ, ಬಸಳೆ, ನುಗ್ಗೆಸೊಪ್ಪು, ತೊಂಡೆ, ಅಲಸಂಡೆ, ಸೌತೆ, ಪಡುವಲ ಇವು ಹಿತ್ತಲಿನಲ್ಲಿಯೇ ಬೆಳೆಯುವಂಥವುಗಳು; ಹೊಟ್ಟೆಯನ್ನು ತುಂಬಿಸುತ್ತವೆ, ಕೊಬ್ಬನ್ನು ಬೆಳಿಸುವದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ೨೦೨೪ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ದಿನದ ಆಹಾರದ ಅರ್ಧ ಬಟ್ಟಲು ತರಕಾರಿ ಹಣ್ಣುಗಳಿಂದ ತುಂಬಿರಬೇಕು. ಧಾನ್ಯಗಳಿಂದ ಬರುವ ಶಕ್ತಿಯು ನೂರರಲ್ಲಿ ನಲವತ್ತೈದು ಪಾಲನ್ನು ಮೀರಬಾರದು. ನಮ್ಮ ಬಟ್ಟಲುಗಳಲ್ಲಿ ಅನ್ನವು ಗುಡ್ಡವಾಗಿಯೂ ಪಲ್ಯವು ಅದರ ಬುಡದ ಕಲ್ಲಾಗಿಯೂ ಇರುವದನ್ನು ನೀವೇ ಬಲ್ಲಿರಿ.

(ಈ) ಎಣ್ಣೆ, ಸಕ್ಕರೆ, ಉಪ್ಪು. ಒಂದು ಗ್ರಾಮ್ ಅನ್ನದ ಪಿಷ್ಟದಲ್ಲಿ ನಾಲ್ಕು ಕ್ಯಾಲೊರಿಯಾದರೆ, ಒಂದು ಗ್ರಾಮ್ ಎಣ್ಣೆಯಲ್ಲಿ ಒಂಭತ್ತು. ಚಹಾದ ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ ಸುಮಾರು ನಲವತ್ತು ಗ್ರಾಮ್ ಸಕ್ಕರೆ, ಅಂದರೆ ೧೬೦ ಕ್ಯಾಲೊರಿ. ಬೆಲ್ಲವೂ ಜೇನೂ ಈ ವಿಷಯದಲ್ಲಿ ಸಕ್ಕರೆಯ ಒಡಹುಟ್ಟಿದವುಗಳೇ. ಬಿಸಿನೀರಿನಲ್ಲಿ ಜೇನು ಕುಡಿದರೆ ಕೊಬ್ಬು ಕರಗುವದೆಂಬದಕ್ಕೆ ಆಧಾರವಿಲ್ಲ. ಉಪ್ಪು ದಿನಕ್ಕೆ ಐದು ಗ್ರಾಮನ್ನು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಇವುಗಳ ಉಪ್ಪೂ ಆ ಲೆಕ್ಕದಲ್ಲಿಯೇ ಸೇರಿದೆ.

೫. ಬಲವು ಉಳಿದು ತೂಕವು ಇಳಿಯುವದು ಹೇಗೆ?

ಇದು ಮುಖ್ಯವಾದ ಮಾತು. ಉಪವಾಸದಿಂದ ಬೇಗನೆ ತೂಕವಿಳಿಸುವವರಲ್ಲಿ ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗುತ್ತದೆ. ಇಪ್ಪತ್ತೈದರ ಯೌವನಸ್ಥನು ಅದನ್ನು ತಿರಿಗಿ ಗಳಿಸುವನು. ಅರುವತ್ತರವನಿಗೆ ಅದು ಕಷ್ಟ. ತೂಕ ತಿರಿಗಿ ಏರಿದಾಗ ಹೆಚ್ಚಾಗಿ ಕೊಬ್ಬೇ ಬರುವದರಿಂದ ಮೊದಲಿಗಿಂತ ಕೆಟ್ಟ ಸ್ಥಿತಿಯಾದೀತು. ಆದದರಿಂದ ತಿಂಗಳಿಗೆ ಒಂದು ಇಲ್ಲವೆ ಎರಡು ಕಿಲೋ ಇಳಿದರೆ ಸಾಕು. ದಿನಾಲು ಅರ್ಧ ತಾಸು, ಮಾತಾಡುವದಕ್ಕಾದರೂ ಹಾಡುವದಕ್ಕಾಗದಷ್ಟು ವೇಗವಾಗಿ ನಡೆಯಿರಿ. ವಾರಕ್ಕೆ ಎರಡು ಮೂರು ದಿನ ಬಲದ ಕೆಲಸವನ್ನೂ ಮಾಡಿರಿ: ಹಿತ್ತಲನ್ನು ಅಗೆಯುವದು, ಗಿಡಗಳಿಗೆ ಕೊಡದಲ್ಲಿ ನೀರು ಹೊರುವದು, ಕೈಗಳ ಆಸರೆಯಿಲ್ಲದೆ ಕುರ್ಚಿಯಿಂದ ಹತ್ತು ಸಾರಿ ಎದ್ದು ಕೂತುಕೊಳ್ಳುವದು. ಪಂಪು ನಮ್ಮಿಂದ ತೆಗೆದುಕೊಂಡ ಕೆಲಸದಲ್ಲಿ ಸ್ವಲ್ಪವನ್ನಾದರೂ ಬೇಕೆಂದೇ ತಿರಿಗಿ ಪಡಕೊಳ್ಳಬೇಕು.

೬. ಬಡಿಸುವ ಕೈ

ಗಂಡನು ಅನ್ನವನ್ನು ತಗ್ಗಿಸಿದ ಮೊದಲನೇ ದಿನ ಹೆಂಡತಿಯು, "ಯಾಕೆ, ಪದಾರ್ಥ ರುಚಿಯಾಗಲಿಲ್ಲವೋ?" ಎಂದು ಕೇಳುವಳು. ನಮ್ಮಲ್ಲಿ ಪ್ರೀತಿಯು ಸೌಟಿನಿಂದ ಅಳೆಯಲ್ಪಡುತ್ತದೆ. ಬೇಡವೆಂದವನಿಗೆ ಇನ್ನೊಂದು ಸೌಟು ಹಾಕುವದು ಮರ್ಯಾದೆಯೆಂದೂ, ಹಾಕಿದ್ದನ್ನು ಬಿಡುವದು ಅವಮರ್ಯಾದೆಯೆಂದೂ ಎಣಿಸುತ್ತೇವೆ. ಆದದರಿಂದ ಈ ಕಾರ್ಯವನ್ನು ಒಬ್ಬನೇ ಗುಟ್ಟಾಗಿ ಮಾಡಿದರೆ ನಡೆಯದು. ಗಂಡಹೆಂಡಿರೂ ಮಗಸೊಸೆಯರೂ ಕೂಡಿ ಮಾತಾಡಿಕೊಳ್ಳಬೇಕು. ಪ್ರೀತಿಯಿಂದ ಎರಡನೇ ಸಾರಿ ಬಡಿಸುವದಾದರೆ ಪಲ್ಯವನ್ನು ಬಡಿಸಿರಿ.

ಮನೆಯ ತಾಯಂದಿರಿಗೆ ಒಂದು ವಿಶೇಷ ಮಾತು. ಎಲ್ಲರೂ ಉಂಡ ಮೇಲೆ ಮೀನೂ ಕಾಳೂ ಮುಗಿದು ಅನ್ನವೂ ಸಾರಿನ ತಿಳಿಯೂ ಮಾತ್ರ ನಿಮ್ಮ ಪಾಲಿಗೆ ಬರುತ್ತವೆ. ಮಕ್ಕಳು ಬಿಟ್ಟದ್ದನ್ನು ಹಾಳುಮಾಡಬಾರದೆಂದು ಅದನ್ನೂ ನೀವೇ ಮುಗಿಸುತ್ತೀರಿ. ನಿಮ್ಮ ಹೊಟ್ಟೆಯು ಉಳಿದ ಅನ್ನದ ಉಗ್ರಾಣವಲ್ಲ. ಬೇಯಿಸುವಾಗ ತಗ್ಗಿಸಿ, ನಿಮ್ಮ ಪಾಲಿನ ಮೀನನ್ನು ಮೊದಲೇ ತೆಗೆದಿಡಿರಿ. ಇದು ಸ್ವಾರ್ಥವಲ್ಲ, ನೀವು ಹಾಸಿಗೆ ಹಿಡಿದರೆ ಮನೆಯ ಗತಿಯೇನೆಂದು ಎಲ್ಲರೂ ಬಲ್ಲರು.

೭. ಎಚ್ಚರಿಕೆಗಳು

ಸಕ್ಕರೆ ಕಾಯಿಲೆಗೆ ಮಾತ್ರೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ತಕ್ಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ತಗ್ಗಿಸಬಾರದು. ಮದ್ದು ಅಷ್ಟೇ ಇದ್ದು ಊಟ ತಗ್ಗಿದರೆ ರಕ್ತದ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುವ ಅಪಾಯವುಂಟು. ಮೂತ್ರಪಿಂಡದ ರೋಗವಿರುವವರು ಪ್ರೋಟೀನನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು. ಪ್ರಯತ್ನಿಸದೆ ತೂಕವು ತಾನಾಗಿಯೇ ಇಳಿದರೆ ಸಂತೋಷಪಡಬೇಡಿರಿ. ಅದು ರೋಗದ ಲಕ್ಷಣವಿರಬಹುದು. ಬಡಕಲಾದ ವೃದ್ಧರಿಗೆ ಈ ಪಾಠವು ಸಲ್ಲದು. ಅವರಿಗೆ ಊಟವು ಹೆಚ್ಚಬೇಕು. ಸರಕಾರೀ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುವ ಏರ್ಪಾಡು ಉಂಟು. ಗಾಯವಾಗುವ ತನಕ ಕಾಯದೆ ಅಲ್ಲಿಗೆ ಹೋಗಿರಿ.

೮. ಈ ಪ್ರಾಯದಲ್ಲಿ ಫಲವುಂಟೋ?

ಅಮೇರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ೩,೨೩೪ ಜನರನ್ನು ಕೂಡಿಸಿಕೊಂಡು ಒಂದು ಪರೀಕ್ಷೆ ನಡೆಯಿತು. ಅವರಲ್ಲಿ ಒಂದು ಗುಂಪಿನವರು ಊಟವನ್ನು ತಿದ್ದಿಕೊಂಡು ತೂಕದಲ್ಲಿ ನೂರಕ್ಕೆ ಏಳು ಪಾಲನ್ನು ಇಳಿಸುವದಕ್ಕೂ ವಾರಕ್ಕೆ ೧೫೦ ನಿಮಿಷ ನಡೆಯುವದಕ್ಕೂ ಪ್ರಯತ್ನಿಸಿದರು. ೨೦೦೨ರಲ್ಲಿ ಪ್ರಕಟವಾದ ಫಲವೇನೆಂದರೆ, ಆ ಗುಂಪಿನಲ್ಲಿ ರೋಗವು ನೂರಕ್ಕೆ ೫೮ರಂತೆ ತಗ್ಗಿತು. ಅರುವತ್ತು ದಾಟಿದವರಲ್ಲಿಯಾದರೋ ೭೧ರಂತೆ ತಗ್ಗಿತು. ಅಂದರೆ ಹಿರಿಯರಿಗೇ ಹೆಚ್ಚು ಲಾಭವಾಯಿತು. ನಮ್ಮ ದೇಶದಲ್ಲಿಯೂ ಚೆನ್ನೈಯ ವೈದ್ಯರು ೫೩೧ ಜನರಲ್ಲಿ ಇಂಥ ಪರೀಕ್ಷೆಯನ್ನು ನಡಿಸಿ ೨೦೦೬ರಲ್ಲಿ ಪ್ರಕಟಿಸಿದರು. ಅಲ್ಲಿ ಊಟ ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ತೂಕವು ಹೆಚ್ಚೇನೂ ಇಳಿಯದಿದ್ದರೂ ರೋಗವು ನೂರಕ್ಕೆ ೨೮ಕ್ಕಿಂತ ಹೆಚ್ಚಾಗಿ ತಗ್ಗಿತು. ಆದದರಿಂದ ತಕ್ಕಡಿಯ ಮುಳ್ಳು ಕದಲದ ತಿಂಗಳಲ್ಲಿಯೂ ಮನಗುಂದಬೇಡಿರಿ. ಒಳಗೆ ಕೆಲಸವು ನಡೆಯುತ್ತಲಿರಬಹುದು.

ತಂದೆಯವರ ಬಟ್ಟಲನ್ನು ಮುರಿಯಬೇಕೆಂದು ನಾವು ಹೇಳುವದಿಲ್ಲ. ಅದು ದುಡಿದು ಉಂಡವರ ಬಟ್ಟಲು, ಅದರಲ್ಲಿಯೇ ಉಣ್ಣಿರಿ. ಆದರೆ ಅದರ ಅರ್ಧವನ್ನು ಹಿತ್ತಲಿನ ಸೊಪ್ಪು ತರಕಾರಿಗಳಿಗೂ, ಕಾಲನ್ನು ಕಾಳು ಮೀನುಗಳಿಗೂ ಬಿಟ್ಟುಕೊಟ್ಟು, ಉಳಿದ ಕಾಲಿನಲ್ಲಿ ಅನ್ನವನ್ನು ಹಾಕಿಸಿಕೊಳ್ಳಿರಿ; ಉಂಡಾದ ಮೇಲೆ ಅವರು ನಡೆದ ದಾರಿಯಲ್ಲಿ ಸ್ವಲ್ಪ ದೂರವಾದರೂ ನಡೆಯಿರಿ.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಹೆತ್ತವರು ಕೈಯಾರೆ ಮಾಡಿದ ಯಾವ ಯಾವ ಕೆಲಸಗಳನ್ನು ಈಗ ಯಂತ್ರಗಳು ಮಾಡುತ್ತವೆ?
೨. ನಮ್ಮ ಮನೆಯಲ್ಲಿ ದಿನಕ್ಕೆ ಆಳಿಗೆ ಎಷ್ಟು ಅಕ್ಕಿ, ಎಷ್ಟು ಕಾಳು, ಎಷ್ಟು ಎಣ್ಣೆ ವೆಚ್ಚವಾಗುತ್ತದೆ?
೩. ನೂಲಿನ ಅಳತೆಯಲ್ಲಿ ಯಾರಾರಿಗೆ ತುದಿಗಳು ಕೂಡಲಿಲ್ಲ?
೪. ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು? ಅವರ ಬಟ್ಟಲಿಗೆ ಏನು ಉಳಿಯುತ್ತದೆ?
೫. ಈ ವಾರದಿಂದ ತಗ್ಗಿಸುವದು ಯಾವದು, ಹೆಚ್ಚಿಸುವದು ಯಾವದು? ಒಂದೊಂದನ್ನು ಮಾತ್ರ ಆರಿಸಿಕೊಳ್ಳಿರಿ.