ಬಾವಿಯ ನೀರು ಮತ್ತು ಮನೆಯ ಮೀನಿನ ತೊಟ್ಟಿ

ಮಕ್ಕಳು ಹಟ ಹಿಡಿದು ಪೇಟೆಯಿಂದ ತರಿಸಿಕೊಂಡ ಬಣ್ಣದ ಮೀನುಗಳು ಎಂಟು ದಿನ ತುಂಬುವುದರೊಳಗೆ ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲುವುದನ್ನು ನಮ್ಮ ಸದಸ್ಯ ಬಂಧುಗಳಲ್ಲಿ ಹಲವರು ಕಂಡಿರಬಹುದು. ಆಗ ನಾವು ಅಂಗಡಿಯವನನ್ನು ಬೈಯುತ್ತೇವೆ, ಇಲ್ಲವೇ ಆಹಾರ ಹೆಚ್ಚು ಹಾಕಿದೆಯೆಂದು ಮಗುವನ್ನು ಗದರುತ್ತೇವೆ. ಬಾವಿಯ ನೀರಿನ ಮೇಲೆ ಮಾತ್ರ ಯಾರಿಗೂ ಸಂಶಯ ಬರುವುದಿಲ್ಲ. ತಲೆಮಾರುಗಳಿಂದ ಕುಡಿದ ಸಿಹಿ ನೀರು, ಅದರಲ್ಲೇನು ದೋಷ? ಆದರೆ ಮನುಷ್ಯ ನೀರನ್ನು ಕುಡಿಯುತ್ತಾನೆ, ಮೀನು ಅದರಲ್ಲೇ ಉಸಿರಾಡುತ್ತದೆ. ನಮಗೆ ಹಿತವಾದದ್ದೆಲ್ಲ ಅದಕ್ಕೂ ಹಿತವಾಗಬೇಕೆಂದಿಲ್ಲ.

ಮಲೆನಾಡು ಮತ್ತು ಕರಾವಳಿಯ ಮುರಕಲ್ಲಿನ ನೆಲದಲ್ಲಿ ಬೀಳುವ ಜಡಿಮಳೆ ಮಣ್ಣಿನ ಸುಣ್ಣದ ಅಂಶವನ್ನು ಯುಗಯುಗಗಳಿಂದ ತೊಳೆದು ಸಾಗಿಸಿದೆ. ತೋಟದ ಮಣ್ಣು ಹುಳಿಯಾಗಿರುವುದು ಇದರಿಂದಲೇ. ಅದೇ ಮಣ್ಣಿನ ಮೂಲಕ ಇಳಿದು ಬಂದ ನೀರೂ ಹುಳಿಯೇ. ಇಂಥ ತೆರೆದ ಬಾವಿಗಳಲ್ಲಿ ರಸಸಾರ 5ರಿಂದ 6.5ರವರೆಗೆ ಇರುವುದು ಸಾಮಾನ್ಯ; 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಸೋಪು ಹಚ್ಚಿದೊಡನೆ ನೊರೆ ಬಂದು, ಎಷ್ಟು ತೊಳೆದರೂ ಕೈಯ ಜಾರು ಹೋಗದಿದ್ದರೆ ನಿಮ್ಮದು ಮೆದು ನೀರೆಂದು ತಿಳಿಯಬಹುದು. ಅಂದರೆ ನಮ್ಮ ನೀರಿನಲ್ಲಿ ಮೀನಿಗೆ ತೊಂದರೆಯಾಗುವುದು ಬಹುಮಟ್ಟಿಗೆ ಇರುವುದರಿಂದಲ್ಲ, ಇಲ್ಲದ್ದರಿಂದ. ಗಾಳಿ ಕಡಿಮೆ, ಸುಣ್ಣ ಕಡಿಮೆ.

ಹಾಗಾದರೆ ಸುಣ್ಣ ಹಾಕಿದರಾಯಿತಲ್ಲ ಎಂದು ತೋಟಗಾರನ ಕೈ ತಾನಾಗಿ ಮುಂದೆ ಹೋಗುತ್ತದೆ. ನಮ್ಮ ಕೈಯೂ ಹೋಗಿತ್ತು. 2017ರ ಮಳೆಗಾಲದಲ್ಲಿ ನಮ್ಮ ಮನೆಯ ಜಗಲಿಯ ತೊಟ್ಟಿಯಲ್ಲಿ ಹನ್ನೊಂದು ಮೀನುಗಳಿದ್ದವು. ಒಂದು ಸಂಜೆ ಪರೀಕ್ಷಾ ಕಾಗದ ಅದ್ದಿ ನೋಡಿದಾಗ ರಸಸಾರ 6. ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ದು, ಕಾಗದ 8 ತೋರಿಸಿದ ಮೇಲೆ ನಿಲ್ಲಿಸಿ, ಕೆಲಸ ಅಚ್ಚುಕಟ್ಟಾಯಿತೆಂದು ಮಲಗಿದೆವು. ಬೆಳಗ್ಗೆ ಉಳಿದದ್ದು ಎರಡು. ಮಗಳು ಆ ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.

ಆದದ್ದೇನು? ಮೀನಿನ ಕಿವಿರು ಮತ್ತು ಮಲದಿಂದಲೂ, ತಿನ್ನದೆ ಉಳಿದ ಆಹಾರ ಕೊಳೆತೂ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ತೊಟ್ಟಿಯ ಮರಳಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಗೊಬ್ಬರ ಹಾಕಿದ ಮಣ್ಣಿನಲ್ಲಿ ನಡೆಯುವ ಕೆಲಸವೇ ಇದು. ಆದರೆ ಹುಳಿ ನೀರಿನಲ್ಲಿ ಈ ಜೀವಿಗಳು ಮಂದವಾಗುತ್ತವೆ, ಅಮೋನಿಯಾ ಸಂಗ್ರಹವಾಗುತ್ತದೆ. ಹುಳಿ ಇರುವಷ್ಟು ಕಾಲ ಅದು ಬಹುಪಾಲು ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿರುವುದರಿಂದ ಮೀನು ಹೇಗೋ ಬದುಕಿರುತ್ತದೆ. ರಸಸಾರ ಒಂದು ಅಂಕ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. 6ರಿಂದ 8ಕ್ಕೆಂದರೆ ಸುಮಾರು ನೂರು ಪಟ್ಟು. ನಾವು ಹೊರಗಿನಿಂದ ವಿಷ ಹಾಕಲಿಲ್ಲ, ಒಳಗೆ ಮಲಗಿದ್ದುದನ್ನು ಎಬ್ಬಿಸಿದೆವು. ತಿಂಗಳುಗಟ್ಟಲೆ ನೀರು ಬದಲಿಸದ ಹಳೆಯ ತೊಟ್ಟಿಗೆ ಒಂದೇ ದಿನ ಪೂರ್ತಿ ಹೊಸ ನೀರು ತುಂಬಿದಾಗಲೂ ಮೀನು ಸಾಯುವುದಕ್ಕೆ ಅನೇಕ ವೇಳೆ ರಸಸಾರದ ಇಂಥ ಹಠಾತ್ ಏರಿಕೆಯೇ ಕಾರಣ.

ಆದ್ದರಿಂದ ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ. ಬೋರ್ಡೋ ದ್ರಾವಣಕ್ಕೆ ಕತ್ತಿಯ ಅಲಗು ಅದ್ದಿ ತಾಮ್ರದ ಕೆಂಪು ಹತ್ತುತ್ತದೆಯೇ ಎಂದು ನೋಡುವ ನಮಗೆ ಪರೀಕ್ಷೆ ಹೊಸ ವಿಷಯವೇನಲ್ಲ. ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ಚಿಕ್ಕ ಪೆಟ್ಟಿಗೆಗಳು ಸಿಗುತ್ತವೆ. ರಸಸಾರ, ಕ್ಷಾರತೆ, ಗಡಸುತನ, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಇವಿಷ್ಟನ್ನು ಮನೆಯಲ್ಲೇ ನೋಡಬಹುದು. ಕಾಗದದ ಪಟ್ಟಿ ಅಗ್ಗ, ಆದರೆ ಲವಣ ಕಡಿಮೆಯಿರುವ ನಮ್ಮಂಥ ನೀರಿನಲ್ಲಿ ಅದು ಸರಿಯಾಗಿ ಹೇಳುವುದಿಲ್ಲ. ಹನಿಯ ಪರೀಕ್ಷೆಯೇ ಮೇಲು.

ರಸಸಾರವನ್ನು ಎರಡು ಸಲ ನೋಡತಕ್ಕದ್ದು. ಸೇದಿದ ಕೂಡಲೇ ಒಮ್ಮೆ, ಅದೇ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ನಾಲ್ಕಾರು ಬಾರಿ ಎತ್ತಿ ಹೊಯ್ದು ಮತ್ತೊಮ್ಮೆ. ನೆಲದಡಿಯ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋದಂತೆ ರಸಸಾರ ತಾನೇ ಏರುತ್ತದೆ. ಮೊದಲ ದಿನ 5.5 ಇದ್ದುದು ಮರುದಿನ 6.5 ಆದರೆ ಹುಳಿಯ ಬಹುಭಾಗ ಆ ಅನಿಲದ್ದೇ ಎಂದಾಯಿತು, ಅದಕ್ಕೆ ಔಷಧಿ ಬೇಡ. ಸೇದಿದ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯುವವರು ಈ ಅನಿಲವನ್ನೂ, ಆಮ್ಲಜನಕದ ಕೊರತೆಯನ್ನೂ ಒಟ್ಟಿಗೆ ಮೀನಿನ ಮೇಲೆ ಹೇರುತ್ತಾರೆ. ಕೊಳವೆ ಬಾವಿಯ ನೀರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಆ ಪಾತ್ರೆಯ ತಳವನ್ನೂ ನೋಡಿ. ಸೇದುವಾಗ ತಿಳಿಯಾಗಿದ್ದು ಮರುದಿನ ಕೆಂಪು ಗಷ್ಟು ಇಳಿದಿದ್ದರೆ ಅದು ಕಬ್ಬಿಣ. ಮೀನಿನ ಕಿವಿರಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ಗಾಳಿಯಾಡಿಸಿ, ಇಳಿಯಬಿಟ್ಟು, ಮರಳು ತುಂಬಿದ ಮಡಕೆಯಲ್ಲಿ ಸೋಸಿದರೆ ಸಾಕು. ಮೇಲೆ ಎಣ್ಣೆಯಂಥ ಪೊರೆ ಕಂಡರೆ ಕಡ್ಡಿಯಿಂದ ಚುಚ್ಚಿ. ಒಡೆದು ಚೂರಾದರೆ ಕಬ್ಬಿಣದ ಸೂಕ್ಷ್ಮಜೀವಿಗಳದು, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ; ಆಗ ಪಂಪಿನ ಕಡೆ ನೋಡಬೇಕು.

ಎರಡನೆಯ ದಿನವೂ ರಸಸಾರ 6.5ಕ್ಕಿಂತ ಕೆಳಗಿದ್ದು ಕ್ಷಾರತೆಯೂ ತೀರ ಕಡಿಮೆಯಿದ್ದರೆ ಮಾತ್ರ ಸುಣ್ಣದ ಅಂಶ ಕೊಡಬೇಕು. ಸುಟ್ಟ ಸುಣ್ಣವಲ್ಲ, ಸುಡದ ಚಿಪ್ಪು. ಸುಣ್ಣದ ಗೂಡಿಗೆ ಹೋಗುವ ಕಪ್ಪೆಚಿಪ್ಪನ್ನೇ ಕುದಿಸಿ, ಉಜ್ಜಿ ತೊಳೆದು, ಒಣಗಿಸಿ, ಒರಟಾಗಿ ಕುಟ್ಟಿ, ಬಲೆಯ ಚೀಲದಲ್ಲಿ ಕಟ್ಟಿ ನೀರು ಹರಿದಾಡುವಲ್ಲಿ ಇಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 56 ಲೀಟರು ಹಿಡಿಯುತ್ತದೆ. ಅದಕ್ಕೆ ಒಂದು ಹಿಡಿ ಸಾಕು. ಹುಳಿ ಇದ್ದಷ್ಟು ಕಾಲ ಚಿಪ್ಪು ಮೆಲ್ಲಗೆ ಕರಗುತ್ತದೆ, ಹುಳಿ ತೀರುತ್ತ ಬಂದಂತೆ ತಾನೇ ನಿಧಾನವಾಗುತ್ತದೆ. ಸುಣ್ಣಕ್ಕೆ ಈ ವಿವೇಕವಿಲ್ಲ. ಅವಸರವಿದ್ದರೆ ಅಡಿಗೆ ಸೋಡ ಉಂಟು. 50 ಲೀಟರಿಗೆ 5 ಗ್ರಾಂ ಸೋಡ ಹಾಕಿದರೆ ಕ್ಷಾರತೆ ಲೀಟರಿಗೆ ಸುಮಾರು 60 ಮಿಲಿಗ್ರಾಂ ಏರುತ್ತದೆ. ಅದನ್ನೂ ನಾಲ್ಕು ಪಾಲು ಮಾಡಿ ನಾಲ್ಕು ದಿನಕ್ಕೆ ಹಂಚಬೇಕು. ಚಿಪ್ಪಾಗಲಿ ಸೋಡವಾಗಲಿ, ಮೀನಿರುವ ತೊಟ್ಟಿಗೆ ಹಾಕುವ ಮುನ್ನ ಅಮೋನಿಯಾ ಪರೀಕ್ಷಿಸಿ. ಬಣ್ಣ ಬಂದರೆ ಮೊದಲು ಪ್ರತಿದಿನ ಕಾಲುಭಾಗಕ್ಕಿಂತ ಕಡಿಮೆ ನೀರು ಬದಲಿಸುತ್ತ, ಆಹಾರ ನಿಲ್ಲಿಸಿ, ಅದು ಇಳಿಯುವವರೆಗೆ ಕಾಯಬೇಕು. ಹೊಸ ತೊಟ್ಟಿಯಾದರೆ ಎಲ್ಲವನ್ನೂ ಮೀನು ತರುವ ಮೊದಲೇ ಮುಗಿಸಿ.

ತೊಟ್ಟಿಯ ತಳಕ್ಕೆ ಹಾಕುವ ಕಲ್ಲಿನ ಮೇಲೆ ನಿಂಬೆರಸದ ಹನಿ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ಚಿಪ್ಪು ಬೇಕಾಗಲಾರದು. ನಮ್ಮ ಹೊಳೆಯ ಬೆಣಚುಕಲ್ಲು, ಜಲ್ಲಿಗಳಿಗೆ ಗುಳ್ಳೆ ಬರುವುದಿಲ್ಲ.

ಇನ್ನು ನಮ್ಮ ಕಸುಬಿನಿಂದಲೇ ಬರುವ ಅಪಾಯ, ಮೈಲುತುತ್ತ. ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತವಿರುತ್ತದೆ. ಅದರ ಕಾಲುಭಾಗ ತಾಮ್ರ. ಆ ದ್ರಾವಣದ 5 ಮಿಲಿಲೀಟರಿನಲ್ಲಿ, ಅಂದರೆ ಒಂದು ಚಹಾ ಚಮಚದಲ್ಲಿ, ಸುಮಾರು 12 ಮಿಲಿಗ್ರಾಂ ತಾಮ್ರ. ಇಷ್ಟು 56 ಲೀಟರಿನ ತೊಟ್ಟಿಗೆ ಬಿದ್ದರೆ ಲೀಟರಿಗೆ 0.2 ಮಿಲಿಗ್ರಾಂ. ಗಡಸು ನೀರಿನಲ್ಲಿ ಮೀನು ತಡೆದುಕೊಂಡೀತು. ನಮ್ಮಂಥ ಮೆದು, ಹುಳಿ ನೀರಿನಲ್ಲಿ ಇದರ ಅರ್ಧವೂ ಅನೇಕ ಮೀನುಗಳಿಗೆ ಮಾರಕ. ಬೋರ್ಡೋ ಕಲಸಿದ ಬಕೆಟ್ಟು, ಕೊಳಗ, ಪೈಪು ಎಷ್ಟು ತೊಳೆದಿದ್ದರೂ ತೊಟ್ಟಿಯ ಬಳಿಗೆ ಬರಬಾರದು. ತೊಟ್ಟಿಗೆಂದೇ ಬೇರೊಂದು ಬಕೆಟ್ಟು ಇಟ್ಟು ಬಣ್ಣದ ಗುರುತು ಹಾಕಿ. ಔಷಧಿ ಹೊಡೆದು ಬಂದವರು ಸ್ನಾನ ಮಾಡದೆ ಮೀನಿಗೆ ಆಹಾರ ಹಾಕುವುದೂ ಬೇಡ. ತಾಮ್ರದ ಹಂಡೆಯಲ್ಲಿ ತುಂಬಿಟ್ಟ ಹುಳಿ ನೀರೂ ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಅದನ್ನೂ ಬಳಸಬೇಡಿ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕ್ಲೋರಿನ್ ವಾಸನೆ ಹೋಗುವವರೆಗೆ ತೊಟ್ಟಿಗೆ ನೀರು ಸೇದಬೇಡಿ. ಆಮೇಲೆ ಸೇದಿದ್ದನ್ನೂ ಒಂದು ದಿನ ಬಿಸಿಲಲ್ಲಿಡಿ.

ಮೀನಿನ ಆಯ್ಕೆಯೂ ನೀರಿಗೆ ತಕ್ಕಂತಿರಲಿ. ಗಪ್ಪಿ, ಮೋಲಿ, ಚಿನ್ನದ ಮೀನುಗಳು ಸ್ವಲ್ಪ ಗಡಸು ನೀರನ್ನು ಬಯಸುತ್ತವೆ, ಚಿಪ್ಪಿನ ಸಹಾಯವಿಲ್ಲದೆ ನಮ್ಮಲ್ಲಿ ಸೊರಗುತ್ತವೆ. ಟೆಟ್ರಾ, ಬಾರ್ಬ್ ಜಾತಿಯ ಅನೇಕ ಮೀನುಗಳಿಗೆ ಮೆದು ನೀರೇ ತವರು. ನಮ್ಮ ತೋಡುಗಳಲ್ಲೇ ಇರುವ, ನೆತ್ತಿಯ ಮೇಲೆ ಹೊಳೆಯುವ ಚುಕ್ಕೆಯ ಪಟ್ಟೆಮೀನು ಸೊಳ್ಳೆಮರಿಗಳನ್ನು ತಿಂದುಕೊಂಡು ನಮ್ಮ ನೀರಿನಲ್ಲೇ ಸುಖವಾಗಿರುತ್ತದೆ. ನಮ್ಮ ಮಟ್ಟಿಗೆ ಅದಕ್ಕಿಂತ ಚೆಂದದ ಮೀನಿಲ್ಲ, ಮಕ್ಕಳು ಒಪ್ಪುವುದಿಲ್ಲ ಅಷ್ಟೆ.

ಕೊನೆಗೆ, ಪರೀಕ್ಷೆಯ ಪೆಟ್ಟಿಗೆ ಮನೆಗೆ ಬಂದ ಮೇಲೆ ತೊಟ್ಟಿಯದನ್ನಷ್ಟೇ ಅಲ್ಲದೆ ಬಾವಿಯಿಂದ ಆಗತಾನೆ ಸೇದಿದ ನೀರಿನ ನೈಟ್ರೇಟನ್ನೂ ನೋಡಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಹಟ್ಟಿಯ ಗಂಜಳವೋ, ಗೊಬ್ಬರದ ಗುಂಡಿಯೋ, ಶೌಚದ ಗುಂಡಿಯೋ, ತೋಟಕ್ಕೆ ಸುರಿದ ಯೂರಿಯವೋ ಬಾವಿಗೆ ಇಳಿಯುತ್ತಿರಬಹುದು. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಶಿಶುವಿಗೆ ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಡಬಾರದು. ಮನೆಯ ಪೆಟ್ಟಿಗೆ ಹೆಚ್ಚು ತೋರಿಸಿದರೆ ಸ್ವಚ್ಛವಾದ ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಶಾಲೆಗೆ ಕಳುಹಿಸಿ ಖಚಿತಪಡಿಸಿಕೊಳ್ಳಿ. ಮೊದಲ ಮಳೆಯ ನೀರು ಇಂಗಿ ಬಾವಿ ಏರುವ ಜೂನ್ ತಿಂಗಳಲ್ಲಿ ಒಮ್ಮೆ, ತಳ ಕಾಣುವ ಏಪ್ರಿಲಿನಲ್ಲಿ ಒಮ್ಮೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ.