ಎಂಜಿನ್ ಆಯಿಲ್ ಮತ್ತು ಬೆರಳ ಜೋಮು

ಪ್ರಶ್ನೆ: ಸೊರಬದವನು, ವಯಸ್ಸು 27. ಬೆಂಗಳೂರಿನಲ್ಲಿ ವಿಮಾನಗಳ ಎಂಜಿನ್ ರಿಪೇರಿ ಕೆಲಸ. ಕೈಗೆ ಸದಾ ಆಯಿಲ್. ಈಚೆಗೆ ತಲೆನೋವು, ಬೆರಳುಗಳಲ್ಲಿ ಜೋಮು. ಶಿಕಾರಿಪುರದ ಅಕ್ಕನ ಮನೆಗೆ ರಜೆಗೆ ಬಂದರೆ ಕಡಿಮೆಯಾಗುತ್ತದೆ. ಕೆಲಸ ಬಿಡಲೇ?

ವೈದ್ಯರ ಉತ್ತರ: ಆತುರದಲ್ಲಿ ಕೆಲಸ ಬಿಡಬೇಡಿ, ತಪಾಸಣೆಗೆ ಮಾತ್ರ ತಡಮಾಡಬೇಡಿ. ಜೆಟ್ ಎಂಜಿನ್ ಆಯಿಲ್‌ಗೆ ಸವಕಳಿ ತಡೆಯಲು ಸಾಮಾನ್ಯವಾಗಿ ಟ್ರೈಕ್ರೆಸಿಲ್ ಫಾಸ್ಫೇಟ್ ಬೆರೆಸುತ್ತಾರೆ. ಇದರ ಕೆಲವು ರೂಪಗಳು ನರಗಳಿಗೆ ವಿಷ. ಚರ್ಮದ ಮೂಲಕವೂ ಒಳಸೇರುತ್ತವೆ. ರಜೆಯಲ್ಲಿ ತೊಂದರೆ ತಗ್ಗುವುದು ಮುಖ್ಯ ಸುಳಿವು. ಆದರೆ ಸಕ್ಕರೆ ಕಾಯಿಲೆ, ಬಿ12 ಕೊರತೆಯಿಂದಲೂ ಜೋಮು ಬರುತ್ತದೆ.

ಇಂದಿನಿಂದಲೇ ನೈಟ್ರೈಲ್ ಗ್ಲೌಸ್ ಹಾಕಿ, ಹರಿದರೆ ಬದಲಿಸಿ. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ, ಸೀಮೆಎಣ್ಣೆ, ಪೆಟ್ರೋಲ್ ಬೇಡ. ಆಯಿಲ್ ಬಟ್ಟೆ ಜೇಬಿನಲ್ಲಿಡಬೇಡಿ. ಸಮವಸ್ತ್ರ ಬೇರೆಯಾಗಿ ಒಗೆಯಿರಿ. ಬಿಸಿ ಆಯಿಲ್ ಹೊಗೆಯಿಂದ ದೂರವಿರಿ.

ತೊಂದರೆಯನ್ನು ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ, ತಾತ್ಕಾಲಿಕವಾಗಿ ಬೇರೆ ಕೆಲಸ ಕೇಳಿ. ಆಯಿಲ್‌ನ ಸುರಕ್ಷತಾ ಮಾಹಿತಿ ಪತ್ರ ಪಡೆದು, ಅದರೊಂದಿಗೆ ನರರೋಗ ತಜ್ಞರನ್ನು ಕಾಣಿ. ಇಎಸ್‌ಐ ಇದ್ದರೆ ಅಲ್ಲಿಂದ ಶುರುಮಾಡಿ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಕೂಡ ಇದೆ. ರಕ್ತಪರೀಕ್ಷೆ, ನರಗಳ ವಾಹಕತೆ ಪರೀಕ್ಷೆ ಬೇಕಾಗಬಹುದು.

ಕಾಲಿನ ಬಲ ಕುಂದಿದರೆ, ನಡಿಗೆ ತಪ್ಪಿದರೆ, ಉಸಿರು ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ.